ತಗಡಿನ ಮೇಲೆ ಅಂಗೈ

"ಅವನ ಬಾಯಿ ನೀನು ಅಂತ ಯಾರು ಹೇಳಿದ್ದು ನಿಂಗೆ?" ಎಂದಳು ಅಕ್ಕ. "ಅವನಿಗೇನು ಬೇಕು ಅಂತ ನೀನೇ ಹೇಳೋದು, ನೀನೇ ಕೇಳಿಸ್ಕೊಳ್ಳೋದು. ಚೆನ್ನಾಗಿದೆ ನಿನ್ನ ನ್ಯಾಯ."

"ಮತ್ತೆ ನೀನು ಹೇಳ್ತೀಯಾ? ಹಬ್ಬಕ್ಕೆ ಬಂದ ನೆಂಟರ ಥರ ಬಂದು, ಟೀ ಕುಡಿದು, ಎದ್ದು ಹೋಗೋಳು?"

"ಟೀ ಕುಡಿದು ಹೋಗೋಳಿಗೂ ಕಣ್ಣಿದೆ ಕಣೋ. ಈ ಗದ್ದಲದಲ್ಲಿ ಕೂರಿಸಿ ಕೂರಿಸಿ, ಮಾತಂತೂ ಇಲ್ಲ, ಇರೋ ಕಿವಿಯನ್ನೂ ತೆಗೀತಿದ್ದೀಯ. ನಾನು ಹೊರಟಾಗಲೆಲ್ಲ ನನ್ನ ಬ್ಯಾಗಿನ ಮೇಲೆ ಕೈ ಊರಿ ನಿಂತ್ಕೋತಾನೆ. ಕರ್ಕೊಂಡು ಹೋಗು ಅಂತ. ಅದು ನಿನ್ನ ಕಣ್ಣಿಗೆ ಬೀಳಲ್ಲ."

"ದಿನಾ ಬೆಳಿಗ್ಗೆ ನಾನು ಶಟರ್ ಎತ್ತೋವಾಗ ನನ್ನ ಬೆನ್ನ ಮೇಲೆ ಕೈ ಇಡ್ತಾನೆ. ಬಾ ಅಣ್ಣ, ಕೆಲಸ ಶುರು ಮಾಡೋಣ ಅಂತ. ಅದು ನಿನ್ನ ಕಣ್ಣಿಗೆ ಬೀಳಲ್ಲ."

ನಾವು ಜಗಳವಾಡುತ್ತಿದ್ದದ್ದು ನನ್ನ ಅಂಗಡಿಯಲ್ಲಿ. ನಾನು ತಗಡಿನ ಕೆಲಸದವನು. ಟ್ರಂಕು, ಬಕೆಟ್ಟು, ಹೊಗೆ ಕೊಳವೆ, ಯಾರು ಏನು ಕೇಳಿದರೂ ಬಡಿದು ಕೊಡುತ್ತೇನೆ. ಮುಂದೆ ಅಂಗಡಿ, ಹಿಂದೆ ಮನೆ. ಈ ಕೆಲಸದಲ್ಲಿ ನನ್ನ ಕಿವಿ ಅರ್ಧ ಹೋಗಿದೆ. ಹಾಗಾಗಿ ನಾನು ಕುಡಿಯಲು ನೀರು ಕೇಳಿದರೂ ಬೀದಿಯವರು ಜಗಳ ಅಂದುಕೊಳ್ಳುತ್ತಾರೆ. ಅವತ್ತಿನದು ಮಾತ್ರ ನಿಜವಾದ ಜಗಳವೇ.

ವಿಷಯ ನಮ್ಮ ತಮ್ಮನದು. ನಲವತ್ತು ದಾಟಿದ, ಕಿವಿಯ ಪಕ್ಕ ಕೂದಲು ಬೆಳ್ಳಗಾದ ಮನುಷ್ಯನನ್ನು ಇಡೀ ಬೀದಿ ಇನ್ನೂ ಪುಟ್ಟ ಎಂದೇ ಕರೆಯುತ್ತದೆ. ಹುಟ್ಟಿನಿಂದ ಮಾತಿಲ್ಲ. ಬಲಗಾಲು ಎಳೆದು ನಡೆಯುತ್ತಾನೆ, ಬಲಗೈ ಮಡಚಿಕೊಂಡೇ ಇರುತ್ತದೆ. ಎಡಗೈ ಮಾತ್ರ ಗಟ್ಟಿ. ಅಪ್ಪ ಇದ್ದಾಗಲೇ ಆ ಎಡಗೈಗೊಂದು ಕೆಲಸ ಹಚ್ಚಿದ್ದರು. ನಾನು ಬಡಿಯುವಾಗ ತಗಡು ಕುಣಿಯದ ಹಾಗೆ ಅಂಗೈ ಊರಿ ಅದುಮಿ ಹಿಡಿಯುವುದು. ಅಪ್ಪ ಅಮ್ಮ ಹೋದ ಮೇಲೆ ಅಂಗಡಿಯ ಜೊತೆಗೆ ಅವನೂ ನನ್ನ ಪಾಲಿಗೆ ಬಂದ. ಅಕ್ಕನ ಊರು ರೈಲಿನಲ್ಲಿ ಒಂದು ರಾತ್ರಿಯ ದಾರಿ. ಈ ಸಲ ಪುಟ್ಟನನ್ನು ತನ್ನ ಮನೆಗೆ ಕರೆದುಕೊಂಡೇ ಹೋಗುವುದೆಂದು ಬಂದಿದ್ದಳು. ನಾನು ಬಿಡುವುದಿಲ್ಲ ಎಂದಿದ್ದೆ. ಅದಕ್ಕೆ ಅವಳು ಆಸ್ಪತ್ರೆಯಿಂದ ಒಬ್ಬ ಹೆಂಗಸನ್ನು ಪಂಚಾಯ್ತಿಗೆ ಕರೆತಂದಿದ್ದಳು. ಮಾತು ಬಾರದವರಿಗೆ ಏನು ಹೇಳುವುದಿದೆ, ಯಾರಿಗೆ, ಹೇಗೆ ಎಂದು ಕಂಡುಹಿಡಿದು, ಅದಕ್ಕೆ ಬೇಕಾದ ದಾರಿ ಮಾಡಿಕೊಡುವುದು ಅವರ ಉದ್ಯೋಗವಂತೆ. ನನ್ನ ಹೆಂಡತಿ ಆಗಲೇ ಅವರಿಗೆ ಮಾತಿನ ಮೇಡಂ ಎಂದು ಹೆಸರಿಟ್ಟಾಗಿತ್ತು.

ಮೇಡಂ ಬೋರಲು ಹಾಕಿದ ಟ್ರಂಕಿನ ಮೇಲೆ ಕೂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. "ಜಗಳ ಮುಗೀತಾ, ಇನ್ನೂ ಇದೆಯಾ?" ಎಂದರು. "ಇದ್ರೆ ನಾನು ಬೀದಿ ಸುತ್ತಿ ಬರ್ತೀನಿ. ಒಂದು ಮಾತು. ನಾನು ನಿಮ್ಮ ಪರಾನೂ ಬಂದಿಲ್ಲ, ಇವರ ಪರಾನೂ ಬಂದಿಲ್ಲ."

ಆಮೇಲೆ ಎದ್ದು ಪುಟ್ಟನ ಮುಂದೆ ಬಂದು ನಿಂತರು. "ನಮಸ್ಕಾರ. ನಿಮ್ಮನ್ನ ನೋಡೋಕೆ ಬಂದಿದ್ದೀನಿ. ನೀವು ಸ್ವಲ್ಪ ಬಿಡುವಾಗಿದ್ದೀರಾ?"

ಪುಟ್ಟ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ.

"ಅವನಿಗೆ ಕೂತ್ಕೊ, ಏಳು, ಹಿಡ್ಕೊ ಅಂದ್ರೆ ಅರ್ಥ ಆಗತ್ತೆ ಮೇಡಂ. ಅಷ್ಟೇ," ಎಂದೆ.

"ಬಹುವಚನ ಹಾಕಿದ್ದು ಯಾರಿಗೆ ಅಂತ ಹುಡುಕಿದ್ರಲ್ಲ ಈಗ," ಎಂದರು ಅವರು.

ನನಗೆ ಅದು ಹಿಡಿಸಲಿಲ್ಲ. ಬಂದು ಐದು ನಿಮಿಷ ಆಗಿಲ್ಲ, ನನಗೆ ಪಾಠ.

ಅವರು ನಮ್ಮನ್ನು ಸಾಲಾಗಿ ಕೂರಿಸಿ ಕೇಳತೊಡಗಿದರು. ಹಸಿವಾದರೆ ಪುಟ್ಟ ಹೇಗೆ ಹೇಳುತ್ತಾನೆ? "ಹಸಿಯೋದಕ್ಕೆ ಮುಂಚೇನೇ ಬಡಿಸಿಬಿಡ್ತೀನಿ," ಎಂದಳು ನನ್ನ ಹೆಂಡತಿ. ನೋವಾದರೆ? ಮುಖ ಕಿವುಚುತ್ತಾನೆ. ಖುಷಿಯಾದರೆ? ಗಂಟಲಲ್ಲಿ ಒಂಥರಾ ಸದ್ದು ಮಾಡುತ್ತಾನೆ, ಅಪರೂಪಕ್ಕೆ.

"ಬೇಡ ಅನ್ನೋದಿದ್ರೆ?"

"ಅವನು ಬೇಡ ಅನ್ನೋದೇ ಇಲ್ಲ," ಎಂದೆ. "ಚಿನ್ನದಂಥ ಮನುಷ್ಯ."

"ಹೌದು, ಪಾಪ," ಎಂದಳು ಅಕ್ಕ. ಅವತ್ತು ನನ್ನ ಮಾತಿಗೆ ಅವಳು ಹೂಂಗುಟ್ಟಿದ್ದು ಅದೊಂದೇ ಸಲ.

ಮೇಡಂ ಪುಟ್ಟನ ಕಡೆ ತಿರುಗಿದರು. "ಹೀಗೇ ಅಂದೋರನ್ನ ತುಂಬ ಜನ ನೋಡಿದ್ದೀನಿ. ಬೇಡ ಅನ್ನದೆ ಬದುಕಿರೋರನ್ನ ಮಾತ್ರ ಇನ್ನೂ ಒಬ್ಬರನ್ನೂ ನೋಡಿಲ್ಲ," ಎಂದರು.

ಮಾರನೆಯ ದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ದೆವು. ಮೊದಲು ಕಿವಿ ನೋಡಿದರು, ಕಣ್ಣು ನೋಡಿದರು. ಒಂದು ಕಿವಿ ಚೆನ್ನಾಗಿದೆ, ಇನ್ನೊಂದು ಮಂಕಾಗುತ್ತಿದೆ ಎಂದರು. ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ತಗಡು ಕರಗಬೇಕಿತ್ತು. ಆಮೇಲೆ ಒಂದು ಸಣ್ಣ ಕೋಣೆ. ಪುಟ್ಟನ ಕಾಲು ಕುರ್ಚಿಯಿಂದ ಜೋತಾಡುತ್ತಿದ್ದದ್ದನ್ನು ನೋಡಿ ಮೇಡಂ ಒಂದು ಗಿಡ್ಡ ಮಣೆ ತಂದು ಪಾದದಡಿ ಇಟ್ಟರು. ಅಷ್ಟಕ್ಕೇ ಅವನ ಕೈಯ ಅಲುಗಾಟ ಅರ್ಧ ನಿಂತಿತು. ನಾನು ಅದನ್ನು ಗಮನಿಸಿದೆ.

ಮೇಜಿನ ಮೇಲೆ ಚಿತ್ರಗಳನ್ನು ಇಟ್ಟರು. ಲೋಟ, ಹಾಸಿಗೆ, ನಾಯಿ, ಬಸ್ಸು. "ಲೋಟ ಎಲ್ಲಿದೆ ತೋರಿಸ್ತೀರಾ?" ಪುಟ್ಟ ಲೋಟದ ಮೇಲೆ ಅಂಗೈ ಊರಿದ. ನಾಯಿ ಎಂದರೂ ಲೋಟದ ಮೇಲೆ ಅಂಗೈ. ಚಿತ್ರಗಳನ್ನು ಅದಲುಬದಲು ಮಾಡಿದರೆ ಯಾವುದು ಹತ್ತಿರವಿತ್ತೋ ಅದರ ಮೇಲೆ ಅಂಗೈ. ಕೊನೆಗೆ ಬರೀ ಮೇಜಿನ ಮೇಲೆ ಅಂಗೈ.

"ನೋಡಿದ್ರಲ್ಲ," ಎಂದೆ. "ಇವನಿಗೆ ಜಗತ್ತೆಲ್ಲ ತಗಡೇ." ಇದು ನಮ್ಮ ಮನೆಯ ಹಳೆಯ ತಮಾಷೆ.

ಮೇಡಂ ನಗಲಿಲ್ಲ. "ಎಲ್ಲದರ ಮೇಲೂ ಹೀಗೇ ಇಡ್ತಾರಾ?"

"ಎಲ್ಲದರ ಮೇಲೂ. ತಟ್ಟೆ ಮೇಲೆ, ಬಾಗಿಲ ಮೇಲೆ, ಅಕ್ಕನ ಬ್ಯಾಗಿನ ಮೇಲೆ, ನನ್ನ ಬೆನ್ನ ಮೇಲೆ."

"ಹಾಗಾದ್ರೆ ಇಲ್ಲಿ ಕೂತು ಪ್ರಯೋಜನ ಇಲ್ಲ. ನಾಳೆ ನಿಮ್ಮ ಅಂಗಡಿಗೆ ಬರ್ತೀನಿ. ನಾನು ಬಂದಿದ್ದೀನಿ ಅಂತ ಏನೂ ಬದಲಾಯಿಸಬೇಡಿ, ಬೈಗುಳಾನೂ ಸೇರಿಸಿ."

ಬಂದರು. ಕಿವಿಗೆ ಹತ್ತಿ ತುರುಕಿಕೊಂಡು ಬೆಳಗಿನಿಂದ ಮೂಲೆಯಲ್ಲಿ ಕೂತರು. ನಾನು ದೊಡ್ಡ ಟ್ರಂಕಿನ ಮುಚ್ಚಳ ಬಡಿಯುತ್ತಿದ್ದೆ, ಪುಟ್ಟ ಹಿಡಿದಿದ್ದ. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಂಡತಿ ಟೀ ತಂದಳು. ಎಂದಿನ ಹಾಗೆ ನನ್ನ ಎದುರಿಗೆ ಬಂದು ತಗಡಿನ ಮೇಲೆ ಅಂಗೈ ಇಟ್ಟಳು. ಝೇಂಕಾರ ಅಡಗಿತು. ನಾನು ಸುತ್ತಿಗೆ ಇಳಿಸಿದೆ. ಅವಳು ಕೈ ತೆಗೆದಳು.

ಮೇಡಂ ಕಿವಿಯ ಹತ್ತಿ ತೆಗೆದು ಎದ್ದು ಬಂದರು. "ಇದೇನು ಈಗ ಮಾಡಿದ್ದು?"

"ಏನು?"

"ಇವರು ಕೈ ಇಟ್ರು, ನೀವು ನಿಲ್ಲಿಸಿದ್ರಿ."

"ಈ ಸದ್ದಲ್ಲಿ ಬಾಯಿ ಬಡ್ಕೊಂಡ್ರೂ ಯಾರಿಗೆ ಕೇಳ್ಸತ್ತೆ ಮೇಡಂ? ನಮ್ಮಪ್ಪನ ಕಾಲದಿಂದ ಇದೇ ಕ್ರಮ. ತಗಡಿನ ಮೇಲೆ ಅಂಗೈ ಇಟ್ಟರೆ ಸಾಕು, ನಿಲ್ಲಿಸು ಅಂತ. ಕೈ ಎತ್ತಿದ್ರೆ ಹೊಡಿ ಅಂತ. ತಗಡಿನ ಅಂಗಡಿಯೋರಿಗೆಲ್ಲ ಗೊತ್ತು."

"ನಿಮ್ಮ ತಮ್ಮ ಕೈ ಇಟ್ರೆ?"

"ಅವನು ಇಡೋದು ಬೇರೆ. ಅವನು ಹಿಡ್ಕೊಂಡಿರ್ತಾನೆ. ಅವನ ಕೆಲಸ ಅದು."

ಹೇಳಿ ಮುಗಿಸುವಷ್ಟರಲ್ಲಿ ನನ್ನ ನಾಲಗೆ ಯಾಕೋ ನಿಧಾನವಾಯಿತು. ಮೇಡಂ ತಗಡನ್ನು ಎರಡೂ ಕಡೆ ಕಚ್ಚಿ ಹಿಡಿಯುವ ತಿರುಪಿನ ಹಿಡಿಕೆಗಳಿಂದ ಬಿಗಿಯಲು ಹೇಳಿದರು. ಬಿಗಿದೆ. ಪುಟ್ಟನ ಕಾಲಡಿಗೆ ಒಂದು ಸಣ್ಣ ಪೆಟ್ಟಿಗೆ ಸರಿಸಿ, "ಇವತ್ತು ನೀವು ಹಿಡ್ಕೊಬೇಕಾಗಿಲ್ಲ. ತಗಡು ಅಲ್ಲಾಡಲ್ಲ. ಸುಮ್ನೆ ಕೂತಿರಿ, ಏನು ಬೇಕೋ ಮಾಡಿ," ಎಂದರು. ಅವನು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಹೊಡೀರಿ," ಎಂದರು ನನಗೆ.

ಹೊಡೆದೆ. ಪುಟ್ಟ ನನ್ನ ಮುಖ ನೋಡಿದ, ಸುತ್ತಿಗೆ ನೋಡಿದ. ನಿಧಾನವಾಗಿ ಎಡಗೈ ಎತ್ತಿ ತಗಡಿನ ಮೇಲೆ ಊರಿದ. ನಾನು ರೂಢಿಯಂತೆ ಆ ಕೈಯ ಸುತ್ತ ಬಡಿಯುತ್ತಲೇ ಇದ್ದೆ. ಮೇಡಂ ನನ್ನ ತೋಳು ಹಿಡಿದು, "ನಿಲ್ಲಿಸಿ," ಎಂದರು.

ನಿಲ್ಲಿಸಿದೆ.

ಅಂಗಡಿಯಲ್ಲಿ ಸದ್ದಿಲ್ಲ. ಪುಟ್ಟ ತನ್ನ ಅಂಗೈಯನ್ನು ನೋಡಿದ. ಆಮೇಲೆ ನನ್ನ ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದ. ಬಹಳ ಹೊತ್ತಾದ ಮೇಲೆ ಅಂಗೈ ಎತ್ತಿದ. ನಾನು ಹೊಡೆದೆ. ಇಟ್ಟ. ನಿಲ್ಲಿಸಿದೆ. ಎತ್ತಿದ. ಹೊಡೆದೆ. ಇಟ್ಟ.

ಅವನ ಗಂಟಲಿಂದ ಆ ಸದ್ದು ಹೊರಟಿತು. ಅಪರೂಪ ಎಂದಿದ್ದೆನಲ್ಲ, ಅದು. ನಿಲ್ಲಲೇ ಇಲ್ಲ. ಮತ್ತೆ ಮತ್ತೆ ಕೈ ಇಡುತ್ತಾನೆ, ನಾನು ನಿಲ್ಲಿಸುತ್ತೇನೆ. ಎತ್ತುತ್ತಾನೆ, ಹೊಡೆಯುತ್ತೇನೆ. ನಾನು ಯಾರ ಮಾತೂ ಕೇಳುವವನಲ್ಲ, ಅಪ್ಪನ ಮಾತೂ ಕೇಳಿದವನಲ್ಲ. ನನ್ನ ತೋಳು ಅವನ ಐದು ಬೆರಳಿಗೆ ಕಟ್ಟಿ ಹಾಕಿದ ಹಾಗೆ ಏಳುತ್ತಿತ್ತು, ಬೀಳುತ್ತಿತ್ತು. ಖಾಲಿ ಅಂದುಕೊಂಡು ಒಂದೇ ಕೈಯಲ್ಲಿ ಎತ್ತಲು ಹೋದ ಟ್ರಂಕು ನೆಲ ಬಿಟ್ಟು ಏಳದಿದ್ದರೆ ಹೇಗಾಗುತ್ತದೆ? ನನಗೆ ಹಾಗಾಯಿತು. ಒಳಗೆ ತುಂಬಿದೆ. ಏನು ತುಂಬಿದೆಯೋ ಗೊತ್ತಿಲ್ಲ, ಆದರೆ ತುಂಬಿದೆ.

ಮೇಡಂ ಅಷ್ಟಕ್ಕೇ ಬಿಡಲಿಲ್ಲ. ಹೌದಾದರೆ ಕೈ ಎತ್ತಿ, ಅಲ್ಲವಾದರೆ ಊರಿ ಎಂದರು ಅವನಿಗೆ. ಸುತ್ತಿಗೆ ಎತ್ತಿ ಹಿಡಿದು, "ಇದು ಸುತ್ತಿಗೆನಾ?" ಎಂದರು. ಪುಟ್ಟನ ಕೈ ತಗಡಿನಿಂದ ಮೇಲೆದ್ದಿತು. "ಇದು ಕತ್ತರಿನಾ?" ಅದೇ ಸುತ್ತಿಗೆ. ಅಂಗೈ ತಗಡಿಗೆ ಅಂಟಿತು. "ಇವರು ನಿಮ್ಮ ಅತ್ತಿಗೆನಾ?" ಎದ್ದಿತು. "ನಾನು ನಿಮ್ಮ ಅತ್ತಿಗೆನಾ?" ಅಂಗೈ ಪಟ್ಟೆಂದು ಬಿತ್ತು, ಜೊತೆಗೆ ಗಂಟಲಿನ ಸದ್ದು. ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಒಂದೆರಡು ಸರಿಯಾದರೆ ಅದೃಷ್ಟ ಇರಬಹುದು ಎಂದು ಮೇಡಂ ಅಂಗಡಿಯಲ್ಲಿದ್ದ ಸಾಮಾನನ್ನೆಲ್ಲ ತಿರುಗುಮುರುಗು ಕೇಳಿದರು. ಪುಟ್ಟ ಒಂದೂ ತಪ್ಪಲಿಲ್ಲ. ಒಂದು ಕಡೆ ನಾನೇ ತಪ್ಪಿದೆ. ಆ ಉಳಿ ನಮ್ಮದಲ್ಲ, ಪಕ್ಕದಂಗಡಿಯವನದು ಎನ್ನುವುದು ಅವನಿಗೆ ನೆನಪಿತ್ತು, ನನಗಿರಲಿಲ್ಲ.

"ಆಸ್ಪತ್ರೇಲಿ ಚಿತ್ರಗಳ ಮೇಲೆಲ್ಲ ಅಂಗೈ ಇಟ್ರಲ್ಲ," ಎಂದರು ಮೇಡಂ. "ಗೊತ್ತಾಗ್ಲಿಲ್ಲ ಅಂತ ಅಲ್ಲ. ಈ ಆಟ ಬೇಡ, ನಿಲ್ಲಿಸಿ ಅಂತ ನನಗೇ ಹೇಳ್ತಿದ್ರು."

ನನ್ನ ಹೆಂಡತಿ ನಗುವುದನ್ನು ನಿಲ್ಲಿಸಿದಳು. "ತಟ್ಟೆ," ಎಂದಳು.

"ಏನು ತಟ್ಟೆ?"

"ಊಟದ ತಟ್ಟೆ ಮೇಲೆ ಕೈ ಇಡ್ತಾನಲ್ರೀ. ಇನ್ನೂ ಹಾಕು ಅಂತಿದ್ದಾನೆ ಅಂತ ನಾನು ಕೈ ಸರಿಸಿ ಸರಿಸಿ ಬಡಿಸ್ತಿದ್ದೆ. ಅಯ್ಯೋ ಶಿವನೆ, ಸಾಕು ಅಂದಷ್ಟೂ ಬಡಿಸಿದ್ದೀನಿ." ಅವಳು ಪುಟ್ಟನ ಹೊಟ್ಟೆ ನೋಡಿದಳು. ಪುಟ್ಟನೂ ತನ್ನ ಹೊಟ್ಟೆ ನೋಡಿಕೊಂಡ. ಅಳಬೇಕೋ ನಗಬೇಕೋ ನಮಗೆ ತಿಳಿಯಲಿಲ್ಲ. ಮೊದಲು ನಕ್ಕವನು ಅವನೇ.

ಅಕ್ಕ ನಗಲಿಲ್ಲ. ಬಾಗಿಲ ಬಳಿ ಇದ್ದ ಅವಳು ಮುಖ ಬಿಳುಚಿಕೊಂಡು ನಿಂತಿದ್ದಳು. ನಾನು ಅವಳ ಬ್ಯಾಗಿನ ಕಡೆ ಕೈ ತೋರಿಸಿ, "ಈಗೇನಂತೀಯ? ಕರ್ಕೊಂಡು ಹೋಗು ಅಂತಲ್ಲ, ಕರ್ಕೊಂಡು ಹೋಗಬೇಡ ಅಂತಿದ್ದ," ಎಂದೆ. ಗೆದ್ದವನ ಗತ್ತು ನನ್ನದು.

"ನಿಮ್ಮ ಬೆನ್ನ ಮೇಲೆ ಇಡ್ತಿದ್ದಿದ್ದೂ ಅದೇ ಕೈ ಅಲ್ವಾ?" ಎಂದರು ಮೇಡಂ.

ನನ್ನ ಗತ್ತು ಅಲ್ಲೇ ಮುದುಡಿತು. ದಿನವೂ ಶಟರ್ ಎತ್ತುವಾಗ ಬೆನ್ನ ಮೇಲೆ ಅಗಲವಾಗಿ, ಬೆಚ್ಚಗೆ ಬೀಳುತ್ತಿದ್ದ ಆ ಅಂಗೈ.

"ಕೇಳೋಣ," ಎಂದ ಮೇಡಂ ಅಕ್ಕನ ಬ್ಯಾಗನ್ನು ತಂದು ಪುಟ್ಟನ ಮುಂದೆ ಇಟ್ಟರು. "ಇದರ ಮೇಲೆ ಕೈ ಇಡ್ತಿದ್ರಲ್ಲ. ನನ್ನನ್ನ ಕರ್ಕೊಂಡು ಹೋಗಬೇಡ ಅಂತ ಹೇಳ್ತಿದ್ರಾ?" ಪುಟ್ಟ ಯೋಚಿಸಿದ. ಅಂಗೈ ತಗಡಿನ ಮೇಲೆ ಇಳಿಯಿತು. ಅಲ್ಲ. "ಅಕ್ಕ, ನೀನು ಹೋಗಬೇಡ ಅಂತಲಾ?" ಕೈ ಎದ್ದಿತು. ಎದ್ದದ್ದು ಕೆಳಗಿಳಿಯಲೇ ಇಲ್ಲ, ಹಾಗೇ ಗಾಳಿಯಲ್ಲಿ ನಿಂತಿತು. ಅಕ್ಕ ಅಲ್ಲೇ ಟ್ರಂಕಿನ ಮೇಲೆ ಕುಸಿದು ಕೂತು ಅತ್ತಳು. ಒಂದೇ ಕೈ, ಒಂದೇ ಅಂಗೈ. ಅದರಲ್ಲಿ ಸಾಕು ಇತ್ತು, ನಿಲ್ಲಿಸು ಇತ್ತು, ಹೋಗಬೇಡ ಇತ್ತು. ನನ್ನ ಬೆನ್ನಿನದು ಏನು ಎಂದು ಕೇಳುವ ಧೈರ್ಯ ಅವತ್ತು ನನಗೆ ಬರಲಿಲ್ಲ.

ಅವನು ಯಾರ ಜೊತೆ ಇರಬೇಕು ಎಂಬ ಜಗಳ ಅಲ್ಲಿಗೆ ಮುಗಿಯಲಿಲ್ಲ. ಬೇರೆ ರೂಪಕ್ಕೆ ತಿರುಗಿತು. ಈಗ ಅವನನ್ನೇ ಕೇಳಬಹುದಿತ್ತು. ಆದರೆ ಮೇಡಂ ಬೇಡ ಎಂದರು. "ಹೌದು, ಅಲ್ಲ ಎರಡೇ ಇದ್ರೆ ನೀವು ಕೇಳಿದ್ದಕ್ಕೆ ಮಾತ್ರ ಉತ್ತರ. ನೀವು ಕೇಳದೆ ಇರೋದನ್ನ ಹೇಳೋಕೆ ಅವರ ಹತ್ರ ಏನಿದೆ? ಮೊದಲು ಅದು ಆಗಲಿ."

ಅದಕ್ಕೊಂದು ಹಲಗೆ ಬೇಕಿತ್ತು. ಅವರು ತಂದ ರಟ್ಟಿನ ಹಲಗೆ ನಮ್ಮ ಅಂಗಡಿಯ ಎಣ್ಣೆ ಧೂಳಿಗೆ ತಾಳಲಿಲ್ಲ. "ಇಲ್ಲಿ ಕೊಡಿ," ಎಂದು ನಾನು ತೆಳು ಕಬ್ಬಿಣದ ತಗಡು ಕತ್ತರಿಸಿ, ಕೈ ಕುಯ್ಯದ ಹಾಗೆ ಅಂಚು ಮಡಚಿ, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ ಹೊಲಿಸಿ ಕೊಟ್ಟೆ. ಫೋಟೋಗಳ ಬೆನ್ನಿಗೆ ಅಯಸ್ಕಾಂತದ ಚೂರು ಅಂಟಿಸಿದರೆ ಗಾಳಿಗೂ ಬೀಳುವುದಿಲ್ಲ. ಜೀವಮಾನದಲ್ಲಿ ಅಷ್ಟು ನಯವಾದ ಅಂಚು ನಾನು ಮಡಚಿರಲಿಲ್ಲ. ಮೇಡಂ ಅದನ್ನು ತಟ್ಟಿ ನೋಡಿ, "ಚೆನ್ನಾಗಿದೆ, ಇನ್ನೂ ನಾಲ್ಕು ಮಾಡಿಕೊಡಿ," ಎಂದರು.

ಹಲಗೆಯ ಮೇಲೆ ಏನಿರಬೇಕು? ನೀರು, ಊಟ, ಬಚ್ಚಲು, ನೋವು ಎಂದೆವು ನಾವು. "ಇವೆಲ್ಲ ನಿಮಗೆ ಬೇಕಾಗಿರೋದು, ಅವರನ್ನ ನೋಡ್ಕೊಳ್ಳೋಕೆ," ಎಂದರು ಮೇಡಂ. "ಅವರಿಗೇನು ಬೇಕು ಅಂತ ಅವರ ಜೊತೆ ಸುತ್ತಿ ನೋಡೋಣ." ಹಾಗೆ ನಾವು ಸುತ್ತಿದೆವು. ಪುಟ್ಟ ಮುಂದೆ, ಮೇಡಂ ಪಕ್ಕದಲ್ಲಿ, ನಾನು ಹಿಂದೆ ಗೊಣಗುತ್ತ. ಅವನು ಯಾವುದರ ಮುಂದೆ ನಿಂತು ಕೈ ಎತ್ತುತ್ತಾನೋ ಅದರ ಫೋಟೋ. ಕ್ಷೌರದಂಗಡಿಯ ತಿರುಗುವ ಕುರ್ಚಿ. ನಮ್ಮ ಮನೆಯ ಹಿಂದಿನ ಗೋಡೆಯ ಮೇಲೆ ಸಂಜೆ ಬೀಳುವ ಬಿಸಿಲು. ಬೀದಿ ಕೊನೆಯ ಮುದುಕಿ, ಅವಳ ಮೂರು ಕಾಲಿನ ನಾಯಿ. ನಾನು ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವನು. ಆ ನಾಯಿಗೆ ಮೂರೇ ಕಾಲು ಎಂದು ನನಗೆ ಗೊತ್ತಿರಲಿಲ್ಲ.

ಹಲಗೆ ಬಳಸುವವರನ್ನು ಅವನು ನೋಡಲಿ ಎಂದು ಮೇಡಂ ಒಂದು ದಿನ ಒಂದು ಮನೆಗೆ ಕರೆದೊಯ್ದರು. ಊರಿನ ಆಚೆ ತುದಿಯಲ್ಲಿ ಮೂವರು ಗಂಡಸರು ಸೇರಿಕೊಂಡು ಇರುವ ಮನೆ. ಅಡುಗೆಗೆ ಒಬ್ಬಾಕೆ ಬಂದು ಹೋಗುತ್ತಾಳೆ. ಮನೆಯ ಸುತ್ತ ಹಳೆ ಡಬ್ಬಿಗಳಲ್ಲಿ ಸಸಿ ಬೆಳೆಸಿ ಮಾರುತ್ತಾರೆ. ಅವರಲ್ಲಿ ಹಿರಿಯ ಒಬ್ಬ ಬಸ್ ಕಂಡಕ್ಟರ್ ಆಗಿದ್ದವನು. ಗಂಟಲಿನ ಆಪರೇಷನ್ ಆಗಿ ದನಿ ಹೋಗಿದೆ. ಅಕ್ಷರ ಬರೆದ ಹಲಗೆಯ ಮೇಲೆ ಒಂದೊಂದೇ ಅಕ್ಷರ ಮುಟ್ಟಿ ಮಾತಾಡುತ್ತಾನೆ. ನಾನು ಸಣ್ಣವನಿದ್ದಾಗ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಜೋರಾಗಿ ಓದಿದೆ. ಮೊದಲ ಅಕ್ಷರಗಳಲ್ಲೇ ಊಹಿಸಿ, "ಕೂತ್ಕೊಳ್ಳಿ ಅಂತಲಾ? ಟೀ ಬೇಕಾ ಅಂತಲಾ?" ಎಂದೆ. ಅವನು ಬೆರಳೆತ್ತಿ ನನ್ನನ್ನು ಸುಮ್ಮನೆ ನೋಡಿ, ಮತ್ತೆ ಮೊದಲಿನ ಅಕ್ಷರದಿಂದ ಶುರು ಮಾಡಿದ.

"ಮಧ್ಯದಲ್ಲಿ ಬಾಯಿ ಹಾಕಿದ್ರೆ ಅವರು ಮೊದಲಿಂದ ಶುರು ಮಾಡ್ತಾರೆ," ಎಂದರು ಮೇಡಂ. "ಈ ಮನೇಲಿ ಅದೇ ನಿಯಮ."

ನಾನು ಬಾಯಿ ಮುಚ್ಚಿಕೊಂಡೆ. ಅಷ್ಟು ಹೊತ್ತು ಒಬ್ಬನ ಮಾತಿಗೆ ನಾನು ಕಾದದ್ದು ಅದೇ ಮೊದಲು. ಕೊನೆಗೆ ಹೊರಬಂದದ್ದು ಇಷ್ಟು: ನಿನ್ನ ಹಾಗೆ ನಾನೂ ಜೀವಮಾನಕ್ಕೆ ಸಾಕಾಗುವಷ್ಟು ಕೂಗಿದ್ದೇನೆ.

ಪುಟ್ಟನ ಗಂಟಲಿನ ಸದ್ದು ಆ ಮನೆಯ ತುಂಬ ಓಡಾಡಿತು. ನನಗೂ ನಗು ಬಂತು. ಸೇಡು ತೀರಿಸಿಕೊಳ್ಳಲು ಅವರ ಡಬ್ಬಿಗಳನ್ನು ಬೈದೆ. "ಇವೇನ್ರೀ, ಅಂಚೆಲ್ಲ ತುಕ್ಕು, ತಳ ತೂತು." ಕಂಡಕ್ಟರ್ ಬೆರಳು ಮತ್ತೆ ನಿಧಾನವಾಗಿ ಓಡಾಡಿತು: ಮಾಡಿಕೊಡ್ತೀಯೋ, ಬರೀ ಬೈತೀಯೋ?

ಸಂಜೆಯವರೆಗೆ ಅಲ್ಲೇ ಇದ್ದೆವು. ಪುಟ್ಟ ಡಬ್ಬಿಯಿಂದ ಡಬ್ಬಿಗೆ ಕಾಲೆಳೆದುಕೊಂಡು ಹೋಗಿ ಎಡಗೈಯಲ್ಲಿ ಮಣ್ಣು ಒತ್ತಿದ. ಯಾರೂ ಅವನಿಗೆ ಹೀಗೆ ಮಾಡು, ಹಾಗೆ ಮಾಡು ಎನ್ನಲಿಲ್ಲ. ಹೊರಡುವಾಗ ಅವನು ತಾನಾಗಿ ಕೈ ಎತ್ತಿ ನಿಂತ. ಮೇಡಂ ಆ ಮನೆಯ ಫೋಟೋ ತೆಗೆದರು. ಆ ಹೊತ್ತೆಲ್ಲ ಅವನು ಯಾವುದರ ಮೇಲೂ ಅಂಗೈ ಊರಿರಲಿಲ್ಲ ಎನ್ನುವುದು ಬಸ್ಸಿನಲ್ಲಿ ಕೂತ ಮೇಲೆ ನನಗೆ ಹೊಳೆಯಿತು.

ಅಕ್ಕ ತನ್ನ ಊರಿಗೆ ಹೋಗಿ ಮತ್ತೆ ಬಂದಳು. ಕೇಳುವ ದಿನ ಬಂತು. ಅಂಗಡಿಯ ಮುಂದಿನ ಶಟರ್ ಅರ್ಧ ಇಳಿಸಿದೆವು. ಪುಟ್ಟನ ತೊಡೆಯ ಮೇಲೆ ಹಲಗೆ, ಕಾಲಡಿಗೆ ಪೆಟ್ಟಿಗೆ. ನಾನೇ ಕೇಳುತ್ತೇನೆ ಎಂದೆ. ಮೇಡಂ, "ಮೆತ್ತಗೆ ಕೇಳಿ," ಎಂದರು.

ನನಗೆ ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ ಕೇಳಿದೆ. "ಇಲ್ಲೇ, ನನ್ನ ಜೊತೆ ಇರ್ತೀಯಾ?"

ಅಂಗೈ ಹಲಗೆಯ ಮೇಲೆ ಊರಿತು. ಬೇಡ.

ಅಕ್ಕ ಉಸಿರು ಬಿಟ್ಟಳು. ಮುಂದೆ ಬಾಗಿ, "ನನ್ನ ಜೊತೆ ಬರ್ತೀಯಾ ಮರಿ?" ಎಂದಳು.

ಅಂಗೈ ಎದ್ದಿತು ಎಂದೇ ನಾವೆಲ್ಲ ಅಂದುಕೊಂಡೆವು. ಅದು ಅಕ್ಕನ ಕೆನ್ನೆ ಮುಟ್ಟಿ, ವಾಪಸು ಬಂದು ಹಲಗೆಯ ಮೇಲೆ ಊರಿತು. ಬೇಡ.

"ಮತ್ತಿನ್ನೆಲ್ಲಿಗೆ ಹೋಗ್ತೀಯೋ?" ನನ್ನ ದನಿ ಶಟರಿಗೆ ಬಡಿದು ವಾಪಸು ಬಂತು. "ಏನು ಕಡಿಮೆ ಮಾಡಿದ್ದೀನೋ ನಿಂಗೆ? ನನ್ನ ಮೇಲೆ ಸಿಟ್ಟಾ?"

ಅಂಗೈಯನ್ನು ಎತ್ತಲಿಲ್ಲ, ಇನ್ನೂ ಗಟ್ಟಿಯಾಗಿ ಅದುಮಿದ. ಸಿಟ್ಟಲ್ಲ.

"ಸದ್ದಿಗೆ ಬೇಜಾರಾ? ಕೆಲಸ ಸಾಕಾಯ್ತಾ?"

ಅದಕ್ಕೆ ಅವನು ಕೈ ಎತ್ತಲೂ ಇಲ್ಲ, ಊರಲೂ ಇಲ್ಲ. ನನ್ನ ಪ್ರಶ್ನೆಗಳನ್ನು ಪಕ್ಕಕ್ಕೆ ಇಟ್ಟವನ ಹಾಗೆ ಹಲಗೆಯ ಮೇಲೆ ಬಗ್ಗಿದ. ಅದರಲ್ಲಿ ಅವನದೇ ಒಂದು ಫೋಟೋ ಇತ್ತು. ಅದನ್ನು ನನ್ನ ಫೋಟೋದ ಪಕ್ಕ ಅಂಟಿಸಿದ್ದು ನಾನೇ. ಅವನು ಅದನ್ನು ಉಗುರಿನಿಂದ ಎಬ್ಬಿಸಿದ. ಅದು ಕೈ ಜಾರಿ ಕೆಳಗೆ ಬಿತ್ತು. ಅಕ್ಕ ಎತ್ತಿಕೊಡಲು ಬಗ್ಗಿದಳು. ಮೇಡಂ ತಡೆದರು. ಪುಟ್ಟ ತಾನೇ ಬಗ್ಗಿ, ತಡಕಾಡಿ, ಎತ್ತಿಕೊಂಡ. ಹಲಗೆಯ ಆಚೆ ಮೂಲೆಯಲ್ಲಿದ್ದ ಸಸಿಗಳ ಮನೆಯ ಫೋಟೋದ ಪಕ್ಕ ಅದನ್ನು ಇಟ್ಟ. ಟಕ್ ಎಂದು ಅಂಟಿಕೊಂಡಿತು. ಆಮೇಲೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ, ಅರ್ಥವಾಯಿತೇ ಎಂದು.

ನಾವು ಯಾರೂ ಕೇಳದೆ ಇದ್ದ ಮಾತು ಅದು. ನನ್ನ ತಲೆಯಲ್ಲಿ ಇರಲಿಲ್ಲ, ಅಕ್ಕನ ತಲೆಯಲ್ಲಿ ಇರಲಿಲ್ಲ, ಮೇಡಂ ಬಾಯಲ್ಲೂ ಬಂದಿರಲಿಲ್ಲ. ನಾನು ತಗಡಿನ ಕೆಳಗಿಡುವ ಅಡಿಗಲ್ಲು ಅಂದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡಿದ್ದವನು ಇಷ್ಟು ದಿನ ಒಳಗೊಳಗೇ ಆ ಮನೆಗೆ ಹೋಗಿ ಬಂದು ಮಾಡುತ್ತಿದ್ದ. ನನ್ನ ಮೈಮೇಲೆ ಕೂದಲು ನಿಂತಿತು. ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೋ ತಿಳಿಯದೆ ನಾನು ಹಿತ್ತಲಿಗೆ ಹೋಗಿ ನಿಂತೆ. ಗೋಡೆಯ ಮೇಲೆ ಸಂಜೆಯ ಬಿಸಿಲಿತ್ತು, ಅವನು ಫೋಟೋ ಹಿಡಿಸಿದ್ದ ಬಿಸಿಲು.

ಮೇಡಂ ಅವಸರ ಮಾಡಲಿಲ್ಲ. ನಾವಿಲ್ಲದಾಗ ಬಂದು ಅವನನ್ನು ಮತ್ತೆ ಕೇಳಿದರು. ಫೋಟೋಗಳ ಜಾಗ ಬದಲಿಸಿ ಕೇಳಿದರು. ಅಲ್ಲಿ ಅಣ್ಣ ಇರುವುದಿಲ್ಲ, ಅತ್ತಿಗೆಯ ಊಟ ಇರುವುದಿಲ್ಲ ಎಂದು ಹೇಳಿ ಕೇಳಿದರು. ಆ ಮನೆಯ ಮೂವರನ್ನೂ ಕೇಳಿದರು. ಪುಟ್ಟನ ಫೋಟೋ ಪ್ರತಿ ಸಲವೂ ಅದೇ ಮನೆಗೆ ಹೋಗಿ ಅಂಟಿತು. ಅಕ್ಕ, "ಅವನ ಇಷ್ಟ ಕಣೋ, ಬಿಡು," ಎಂದಳು. ನನ್ನ ಜೊತೆ ಜಗಳವಾಡಲು ಅವಳೂ ಇಲ್ಲದ ಹಾಗಾಯಿತು.

ಅವನು ಹೊರಡುವ ಬೆಳಿಗ್ಗೆ ನಾನು ಬೇಕೆಂದೇ ಕೆಲಸಕ್ಕೆ ಹೊರಟೆ. ಶಟರ್ ಎತ್ತುವಾಗ ಬೆನ್ನ ಮೇಲೆ ಅಂಗೈ ಬಿತ್ತು. ಶಟರನ್ನು ಅರ್ಧಕ್ಕೇ ಬಿಟ್ಟು ತಿರುಗಿ ಕೇಳಿದೆ. "ಇಷ್ಟು ವರ್ಷ ಇದು ಏನಂತ ಇಡ್ತಿದ್ದೆ? ಶುರು ಮಾಡಬೇಡ ಅಂತಲಾ?" ಕೈ ಎದ್ದಿತು. ಹೌದು. "ದಿನಾ?" ಹೌದು. ಅವನ ಮುಖದಲ್ಲಿ ಮುನಿಸಿರಲಿಲ್ಲ. ಇಷ್ಟು ತಡವಾಗಿ ಕೇಳಿದೆಯಲ್ಲ ಮಾರಾಯ ಎಂದು ತಮಾಷೆ ಮಾಡುವವನ ಕಣ್ಣು. ದಿನಾ ಹೇಳಿ, ದಿನಾ ಯಾರೂ ಕೇಳದೆ, ಮಾರನೆಯ ದಿನ ಮತ್ತೆ ಹೇಳಲು ಬರುವುದಕ್ಕೆ ಎಂಥ ಗಟ್ಟಿ ಜೀವ ಬೇಕು. ನಾನಾಗಿದ್ದರೆ ಎರಡನೇ ದಿನಕ್ಕೇ ಸುತ್ತಿಗೆ ಎತ್ತಿ ಎಸೆಯುತ್ತಿದ್ದೆ.

ಸಸಿಗಳಿಗೆಂದು ಹೊಸ ಡಬ್ಬಿಗಳನ್ನು ಮಾಡಿ ಒಂದರೊಳಗೊಂದು ಜೋಡಿಸಿ ಇಟ್ಟಿದ್ದೆ. ಮೇಡಂ ಅವನ್ನು ಆಟೋಗೆ ಹಾಕಿಸಿದರು. ಅಕ್ಕ ಅವನ ಬಟ್ಟೆಯ ಟ್ರಂಕು ಹೊರಗಿಟ್ಟಳು. ನನ್ನ ಹೆಂಡತಿ ಅವನ ಅಂಗಿಯ ಗುಂಡಿ ಸರಿಮಾಡುತ್ತ, "ಅಲ್ಲಿ ಸಾಕು ಅಂದ್ರೆ ಸಾಕು ಅಂತ ತಿಳ್ಕೊತಾರೆ, ಹೊಟ್ಟೆ ತುಂಬ ತಿನ್ನು," ಎಂದಳು. ನಾನು ತಲೆ ಎತ್ತದೆ ಬಡಿಯುತ್ತಿದ್ದೆ. ತಗಡು ಹಿಡಿಕೆಗಳ ನಡುವೆ ಬಿಗಿಯಾಗಿತ್ತು.

ಅವನು ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಬಂದು ಎದುರಿಗೆ ನಿಂತ. ತಗಡಿನ ಮೇಲೆ ಅಂಗೈ ಊರಿದ.

ನಿಲ್ಲಿಸಿದೆ.

ಝೇಂಕಾರ ಅವನ ಕೈಯಡಿ ಅಡಗಿತು. ಅವನು ಏನೋ ಹೇಳುತ್ತಾನೆ ಎಂದು ಕಾದೆ. ಹಲಗೆ ಮುಟ್ಟಲಿಲ್ಲ. ನನ್ನನ್ನು ನೋಡುತ್ತ ನಿಂತ, ನಾನೂ ನೋಡಿದೆ. ಹೊರಗೆ ಆಟೋದವನು ಒಮ್ಮೆ ಹಾರ್ನ್ ಹೊಡೆದ. ಪುಟ್ಟ ಅಂಗೈ ಎತ್ತಿದ.

ಹೊಡಿ ಎಂದರೆ ಹೊಡೆಯಬೇಕು. ಅಪ್ಪನ ಕಾಲದಿಂದ ಅದೇ ಕ್ರಮ. ನಾನು ಸುತ್ತಿಗೆ ಎತ್ತಿದೆ. ಅವನು ಆ ಸದ್ದಿನೊಳಗೇ ಬಲಗಾಲು ಎಳೆಯುತ್ತ, ಹಲಗೆಯನ್ನು ಎದೆಗೆ ಅವುಚಿಕೊಂಡು, ಅರ್ಧ ಎತ್ತಿದ ಶಟರ್ ಕೆಳಗೆ ತಲೆ ಬಗ್ಗಿಸಿ ಬಿಸಿಲಿಗೆ ಇಳಿದ. ತಿರುಗಿ ನೋಡಲಿಲ್ಲ. ನಾವು ಆಗಾಗ ಅಲ್ಲಿಗೆ ಹೋಗಿ ಬರುತ್ತೇವೆ. ಅವನು ಮಾತ್ರ ಈ ಅಂಗಡಿಗೆ ಮತ್ತೆ ಕಾಲಿಟ್ಟಿಲ್ಲ.